ಮಾಳಿಗೆಯ ಮೇಲೆ ಬಿದ್ದ ಮಳೆ ಯಾರದು?

ವನದುರ್ಗ ಎಂಬ ಹೆಸರಿನಲ್ಲಿಯೇ ವನವಿದೆ. ನಮ್ಮ ಹಿರಿಯರು ಕೋಟೆಗಳನ್ನು ಗಿರಿದುರ್ಗ, ಜಲದುರ್ಗ, ಸ್ಥಲದುರ್ಗ, ವನದುರ್ಗ ಎಂದು ವಿಂಗಡಿಸುತ್ತಿದ್ದರು. ಬೆಟ್ಟವೇ ಕಾವಲಾಗಿದ್ದರೆ ಗಿರಿದುರ್ಗ, ನೀರೇ ಕಾವಲಾಗಿದ್ದರೆ ಜಲದುರ್ಗ, ಕಾಡೇ ಕಾವಲಾಗಿದ್ದರೆ ವನದುರ್ಗ. ಶಹಾಪುರ ತಾಲ್ಲೂಕಿನ ಈ ಊರಿನಲ್ಲಿ ಸುರಪುರದ ನಾಯಕರ ಕಾಲದ ಕೋಟೆ ಇಂದಿಗೂ ನಿಂತಿದೆ. ಆದರೆ ಹೆಸರಿನೊಳಗಿರುವ ವನವನ್ನು ಸುತ್ತಲಿನ ಬಯಲಿನಲ್ಲಿ ಹುಡುಕಬೇಕಾಗಿದೆ. ದೇಶದ ಭೂಮಿಯ ಮೂರನೆಯ ಒಂದು ಭಾಗದಲ್ಲಿ ಕಾಡಿರಬೇಕೆಂದು 1988ರ ರಾಷ್ಟ್ರೀಯ ಅರಣ್ಯ ನೀತಿ ಆಶಿಸಿತು. ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಆ ಆಶಯದಿಂದ ಬಹುದೂರದಲ್ಲಿವೆ. ಏಪ್ರಿಲ್ ಮೇ ತಿಂಗಳ ಬಿಸಿಲಿನಲ್ಲಿ ಯಾದಗಿರಿ, ಶಹಾಪುರ, ಸುರಪುರಗಳ ದಾರಿಯಲ್ಲಿ ನಡೆಯುವವರಿಗೆ ಒಂದು ಬೇವಿನ ಮರದ ನೆರಳು ಎಷ್ಟು ದೊಡ್ಡ ಉಪಕಾರವೆಂಬುದನ್ನು ಬೇರೆಯವರು ಹೇಳಬೇಕಾಗಿಲ್ಲ.

ಇಂಥ ಬಯಲಿನಲ್ಲಿ ಈಗ ಶಾಲೆ ಕಾಲೇಜುಗಳು ಏಳುತ್ತಿವೆ. ಅದು ಸಂತೋಷದ ಸಂಗತಿ. ಯಾದಗಿರಿ 2010ರಲ್ಲಿ ಜಿಲ್ಲೆಯಾದ ಮೇಲೆ ವಿದ್ಯೆಯ ಹಸಿವು ಇನ್ನಷ್ಟು ಹೆಚ್ಚಿದೆ. ಹಳ್ಳಿಯ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಪದವಿಯವರೆಗೆ ಓದಲು ಮುಂದೆ ಬರುತ್ತಿದ್ದಾರೆ. ಆದರೆ ಊರ ಹೊರಗೆ ಕಡಿಮೆ ಬೆಲೆಗೆ ಸಿಕ್ಕ ಜಾಗದಲ್ಲಿ ಕಟ್ಟುವ ವಿದ್ಯಾಸಂಸ್ಥೆಯ ಮೊದಲ ಕೆಲಸ ಸಾಮಾನ್ಯವಾಗಿ ಒಂದೇ ಆಗಿರುತ್ತದೆ: ಕೊಳವೆಬಾವಿ ಕೊರೆಸುವುದು. ನೀರು ಸಿಕ್ಕರೆ ಮುಂಭಾಗದಲ್ಲಿ ಹುಲ್ಲುಹಾಸು, ಅಲಂಕಾರದ ಗಿಡ, ಉದ್ಘಾಟನೆಗೆ ಬಂದ ಅತಿಥಿಗಳ ಕೈಯಿಂದ ನೆಟ್ಟ ಸಸಿಗಳ ಸಾಲು. ನಾಲ್ಕಾರು ಬೇಸಿಗೆ ಕಳೆಯುವಷ್ಟರಲ್ಲಿ ಬಾವಿಯ ನೀರು ಇಳಿಯುತ್ತದೆ, ಎರಡನೆಯದನ್ನು ಇನ್ನೂ ಆಳಕ್ಕೆ ಕೊರೆಸಲಾಗುತ್ತದೆ. ಅದೇ ಅವಧಿಯಲ್ಲಿ ಪ್ರತಿ ಮುಂಗಾರಿನಲ್ಲಿಯೂ ಆ ಕಟ್ಟಡದ ವಿಶಾಲವಾದ ತಾರಸಿಯ ಮೇಲೆ ಬಿದ್ದ ಮಳೆ ಕೊಳವೆಗಳಲ್ಲಿ ಇಳಿದು, ಅಂಗಳದ ಮಣ್ಣನ್ನು ಕೊಚ್ಚಿಕೊಂಡು, ರಸ್ತೆಬದಿಯ ಚರಂಡಿ ಸೇರುತ್ತದೆ. ಈ ಎರಡು ದೃಶ್ಯಗಳು ಒಂದೇ ಆವರಣದೊಳಗೆ ನಡೆಯುತ್ತಿದ್ದರೂ ಅವುಗಳ ನಡುವೆ ಸಂಬಂಧವಿದೆಯೆಂದು ಯಾರೂ ಭಾವಿಸಿದಂತೆ ಕಾಣುವುದಿಲ್ಲ.

ಕಾಲೇಜಿನ ಆವರಣ ಹಸಿರಾಗಬೇಕೇ ಎಂದು ಕೇಳಿದರೆ ಆಗಬಾರದೆನ್ನುವವರು ಸಿಗಲಾರರು. ಆ ಹಸಿರು ಯಾರ ನೀರಿನಿಂದ ಎಂಬ ಪ್ರಶ್ನೆಯನ್ನು ಮಾತ್ರ ಕೇಳುವವರು ಕಡಿಮೆ. ಭೂಮಿಯ ಮೇಲೆ ಆವರಣದ ಗೋಡೆ ಕಟ್ಟಬಹುದು. ಭೂಮಿಯ ಕೆಳಗೆ ಕಟ್ಟಲಾಗದು. ಸಂಸ್ಥೆಯ ಆಳವಾದ ಕೊಳವೆಬಾವಿ ಎಳೆಯುವ ನೀರು ಪಕ್ಕದ ಹೊಲದ ಬಾವಿಗೂ, ಓಣಿಯ ಕೈಪಂಪಿಗೂ ಸಂಬಂಧಪಟ್ಟದ್ದು. ಬಲವಾದ ಮೋಟಾರು ಇದ್ದವನ ತೋಟ ಹಸಿರಾಗಿ, ಕೊಡ ಹಿಡಿದು ನಿಂತವಳ ಸರದಿ ಉದ್ದವಾಗುವುದಾದರೆ ಆ ಹಸಿರಿನಲ್ಲಿ ನ್ಯಾಯವಿಲ್ಲ. ತಾರಸಿಯ ಮೇಲೆ ಬಿದ್ದ ಮಳೆಯ ವಿಷಯ ಹಾಗಲ್ಲ. ಅದನ್ನು ಹಿಡಿದಿಟ್ಟುಕೊಂಡರೆ ಯಾರ ಕೊಡವೂ ಬರಿದಾಗುವುದಿಲ್ಲ. ಇಂಗಿಸಿದರೆ ನೆರೆಯವನ ಬಾವಿಗೂ ಅದರ ಪಾಲು ಸಲ್ಲುತ್ತದೆ. ಆದುದರಿಂದ ಬರನಾಡಿನ ವಿದ್ಯಾಸಂಸ್ಥೆಯೊಂದು ತನ್ನ ಆವರಣವನ್ನು ತನ್ನದೇ ಮಾಳಿಗೆಯ ಮಳೆಯಿಂದ ಹಸಿರಾಗಿಸಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ. ಇದು ಅಂದಚೆಂದದ ಮಾತಲ್ಲ, ನೆರೆಹೊರೆಯ ಮಾತು.

ಬರನಾಡಿನಲ್ಲಿ ಬೀಳುವ ಮಳೆಯೇ ಎಷ್ಟು ಎಂದು ಕೆಲವರು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ಮಲೆನಾಡಿನ ಮುಂದೆ ನಮ್ಮ ಮಳೆ ಅಲ್ಪವೆಂಬುದು ನಿಜ. ಆದರೂ ಈ ಸೀಮೆಯಲ್ಲಿ ಸಾಧಾರಣ ವರ್ಷದಲ್ಲಿ 600 ಮಿಲಿಮೀಟರಿನಷ್ಟು ಮಳೆಯನ್ನು ನಿರೀಕ್ಷಿಸಬಹುದು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. 50 ಮೀಟರ್ ಉದ್ದ, 20 ಮೀಟರ್ ಅಗಲದ ಒಂದು ಕಾಲೇಜು ಕಟ್ಟಡದ ತಾರಸಿ 1000 ಚದರ ಮೀಟರ್. ಅದರ ಮೇಲೆ ವರ್ಷಕ್ಕೆ ಬೀಳುವುದು 6 ಲಕ್ಷ ಲೀಟರ್. ಆವಿಯಾಗುವುದು, ಚೆಲ್ಲಿಹೋಗುವುದು, ಮೊದಲ ಮಳೆಯ ಕೊಳೆನೀರನ್ನು ಹೊರಬಿಡುವುದು ಎಂದು ಐದನೆಯ ಒಂದು ಭಾಗವನ್ನು ಕಳೆದರೂ 4 ಲಕ್ಷ 80 ಸಾವಿರ ಲೀಟರ್ ಕೈಗೆ ಸಿಗುತ್ತದೆ. ಹತ್ತು ಎಕರೆಯ ಇಡೀ ಆವರಣದ ಮೇಲೆ ಬೀಳುವ ಮಳೆಯನ್ನು ಲೆಕ್ಕ ಹಾಕಿದರೆ ಅದು 2 ಕೋಟಿ 40 ಲಕ್ಷ ಲೀಟರನ್ನು ಮೀರುತ್ತದೆ. ಇಷ್ಟು ನೀರನ್ನು ಟ್ಯಾಂಕರಿನಲ್ಲಿ ತರಿಸುವುದಾದರೆ ಆಡಳಿತ ಮಂಡಳಿಯ ಲೆಕ್ಕಪತ್ರ ಏನಾಗುತ್ತಿತ್ತೆಂದು ಊಹಿಸಬಹುದು. ಕೇಳದೆಯೇ ಮನೆಬಾಗಿಲಿಗೆ ಬಂದದ್ದಕ್ಕೆ ಬೆಲೆಯಿಲ್ಲವೆಂದು ತಿಳಿಯುವುದು ಮನುಷ್ಯಸ್ವಭಾವ.

ಈ ನಾಡಿಗೆ ಕೂಡಿಡುವ ವಿದ್ಯೆ ಹೊಸತಲ್ಲ. ಸುಗ್ಗಿಯಲ್ಲಿ ಬೆಳೆದ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ, ಬಾಯಿ ಮುಚ್ಚಿ, ಬರ ಬಂದಾಗ ತೆಗೆದು ಉಂಡವರು ನಮ್ಮ ಹಿರಿಯರು. ಮಾಳಿಗೆಯ ದೋಣಿಯ ಕೆಳಗೆ ಕೊಡ, ಹಂಡೆಗಳನ್ನು ಇಟ್ಟು ಮಳೆನೀರು ಹಿಡಿದ ಅಜ್ಜಿಯರ ನೆನಪು ಅನೇಕ ಮನೆಗಳಲ್ಲಿದೆ. ಸುರಪುರ ತಾಲ್ಲೂಕಿನ ಬೋನಾಳದ ಕೆರೆಯನ್ನು ನೋಡಿದವರಿಗೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಸುರಪುರದ ಅರಸರು ಕಟ್ಟಿಸಿದ ಆ ಕೆರೆ, 1841ರಿಂದ 1853ರವರೆಗೆ ಸುರಪುರದಲ್ಲಿದ್ದ ಆಂಗ್ಲ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರನ ಕಾಲದಲ್ಲಿ ಅಭಿವೃದ್ಧಿ ಹೊಂದಿತು. ಬಂದವನು ಹೊರಗಿನವನಾದರೂ ಈ ನೆಲಕ್ಕೆ ಮೊದಲು ಬೇಕಾದುದು ನೀರಿನ ಸಂಗ್ರಹವೆಂಬುದನ್ನು ಅವನು ಅರಿತಿದ್ದನು. ಇಂದು ಅದೇ ಬೋನಾಳ ಪಕ್ಷಿಧಾಮವಾಗಿದೆ. ಚಳಿಗಾಲದಲ್ಲಿ ದೂರದೇಶಗಳ ಹಕ್ಕಿಗಳು ಅಲ್ಲಿ ಇಳಿಯುತ್ತವೆ. ಮನುಷ್ಯರು ತಮ್ಮ ಹೊಲಕ್ಕೆಂದು ಕೂಡಿಟ್ಟ ಮಳೆ ಹಕ್ಕಿಗಳಿಗೂ ಮನೆಯಾಯಿತು.

ಆಮೇಲೆ ಕಾಲುವೆ ಬಂದಿತು. ಕೃಷ್ಣಾ ನದಿಗೆ ನಾರಾಯಣಪುರದಲ್ಲಿ ಕಟ್ಟಿದ ಬಸವಸಾಗರ ಜಲಾಶಯ ಮತ್ತು ಅದರ ಎಡದಂಡೆ ಕಾಲುವೆ ಶಹಾಪುರ, ಸುರಪುರ ಸೀಮೆಯ ಬದುಕನ್ನೇ ಬದಲಿಸಿದವು. ಜೋಳ, ತೊಗರಿ ಬೆಳೆಯುತ್ತಿದ್ದ ಹೊಲಗಳಲ್ಲಿ ಭತ್ತ ಬಂದಿತು. ಆ ಉಪಕಾರವನ್ನು ನಾವು ಕಡೆಗಣಿಸುವುದಿಲ್ಲ. ಆದರೆ ಕಾಲುವೆಯೊಡನೆ ಒಂದು ಮರೆವೂ ಬಂದಿತು. ನೀರೆಂದರೆ ದೂರದ ಅಣೆಕಟ್ಟಿನಿಂದ ಬರುವುದು, ಬಿಡುವವರು ಬಿಟ್ಟಾಗ ಬರುವುದು ಎಂಬ ಭಾವನೆ ಬೆಳೆದು, ತಲೆಯ ಮೇಲಿನ ಆಕಾಶದಿಂದ ಬರುವ ನೀರು ಲೆಕ್ಕದಿಂದ ಹೊರಗುಳಿಯಿತು. ಕಾಲುವೆಯ ಕೊನೆಯ ಭಾಗದ ರೈತರು ಪ್ರತಿವರ್ಷ ಕಾದು ಕುಳಿತುಕೊಳ್ಳುವುದನ್ನು ಕಂಡವರಿಗೆ ಈ ಅವಲಂಬನೆಯ ಮಿತಿ ಗೊತ್ತು. 2019ರಲ್ಲಿ ಕೃಷ್ಣೆಯೂ 2020ರಲ್ಲಿ ಭೀಮೆಯೂ ಪ್ರವಾಹವಾಗಿ ಬಂದವು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಅತಿವೃಷ್ಟಿ, ಅನಾವೃಷ್ಟಿಗಳು ಹೀಗೆ ಬೆನ್ನಿಗೆ ಬೆನ್ನು ಹಚ್ಚಿ ಬರುವ ಕಾಲದಲ್ಲಿ, ಬಂದಾಗ ಹಿಡಿದಿಟ್ಟುಕೊಳ್ಳಲಾರದವನಿಗೆ ಹೆಚ್ಚು ಮಳೆಯೂ ಕಷ್ಟವೇ, ಕಡಿಮೆ ಮಳೆಯೂ ಕಷ್ಟವೇ.

ಕೊಳವೆಬಾವಿಯನ್ನು ಆಳಕ್ಕೆ ಇಳಿಸುತ್ತಾ ಹೋಗುವುದರ ಅಪಾಯ ನೀರಿನ ಕೊರತೆಯಷ್ಟೇ ಅಲ್ಲ. ಸುರಪುರ ತಾಲ್ಲೂಕಿನ ಮಂಗಳೂರು ಗ್ರಾಮದ ಸುತ್ತಿನ ಶಿಲಾಪಟ್ಟಿ ಹಿಂದಿನ ಕಾಲದಲ್ಲಿ ಚಿನ್ನದ ಗಣಿಗಳಿದ್ದ ಪ್ರದೇಶ. ಆ ಭಾಗದ ಕಿರದಳ್ಳಿ ತಾಂಡಾದ ಅಂತರ್ಜಲದಲ್ಲಿ ಆರ್ಸೆನಿಕ್ ಎಂಬ ವಿಷಧಾತು ಇರುವುದು ಬೆಳಕಿಗೆ ಬಂದಿತು. ಆ ನೀರನ್ನು ಕುಡಿದವರ ಚರ್ಮದ ಮೇಲೆ, ಆರೋಗ್ಯದ ಮೇಲೆ ಆದ ಪರಿಣಾಮವನ್ನು ವಿವರಿಸುವ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಫ್ಲೋರೈಡಿನ ತೊಂದರೆಯೂ ಈ ಸೀಮೆಗೆ ಹೊಸತಲ್ಲ. ಭೂಮಿಯ ಆಳದಲ್ಲಿ ಕಲ್ಲಿನೊಡನೆ ಬಹುಕಾಲ ನಿಂತ ನೀರು ಕಲ್ಲಿನ ಗುಣವನ್ನು ಹೊತ್ತು ಬರುತ್ತದೆ. ಮುಗಿಲಿನಿಂದ ಇಳಿಯುವ ನೀರಿನಲ್ಲಿ ಆ ದೋಷವಿಲ್ಲ. ಶುಚಿಯಾದ ತಾರಸಿಯಿಂದ ಹಿಡಿದು, ಮರಳು, ಜಲ್ಲಿ, ಇದ್ದಿಲುಗಳ ಮೂಲಕ ಸೋಸಿ, ಬೆಳಕು ಬೀಳದಂತೆ ಮುಚ್ಚಿಟ್ಟ ಮಳೆನೀರು ಗಿಡಗಳಿಗೆ ಮಾತ್ರವಲ್ಲದೆ ಇತರ ಬಳಕೆಗೂ ಯೋಗ್ಯ. ಕುದಿಸಿ ಕುಡಿಯುವುದಕ್ಕೂ ಅನೇಕ ಕಡೆ ಅದನ್ನು ಬಳಸುತ್ತಾರೆ.

ನಮ್ಮ ರಾಜ್ಯದಲ್ಲಿಯೇ ಇಂಥ ಕೆಲಸ ನಡೆದಿದೆ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ 1100 ಎಕರೆಗೂ ಮಿಕ್ಕಿದ ವಿಸ್ತಾರವುಳ್ಳದ್ದು. ಈ ಶತಮಾನದ ಆರಂಭದ ವರ್ಷಗಳಲ್ಲಿ, ಅರಣ್ಯಾಧಿಕಾರಿಯಾಗಿ ನಿವೃತ್ತರಾಗಿದ್ದ ಶ್ರೀ ಅ. ನ. ಯಲ್ಲಪ್ಪ ರೆಡ್ಡಿಯವರ ಮಾರ್ಗದರ್ಶನದಲ್ಲಿ ಅಲ್ಲಿ ಜೈವಿಕವನದ ಕೆಲಸ ಆರಂಭವಾಯಿತು. ಗಿಡ ನೆಡುವುದರ ಜೊತೆಗೆ ಆವರಣದೊಳಗಿನ ಹಳ್ಳಗಳಿಗೆ ತಡೆಅಣೆಗಳನ್ನು ಕಟ್ಟಿ, ಹರಿದುಹೋಗುತ್ತಿದ್ದ ಮಳೆಯನ್ನು ತಡೆದು ಇಂಗಿಸಲಾಯಿತು. ಕುರುಚಲು ಬೆಳೆದಿದ್ದ ಜಾಗದಲ್ಲಿ ನಾಡಿನ ನಾನಾ ಜಾತಿಯ ಮರಗಳು ಎದ್ದವು. ಅದೇ ಬೆಂಗಳೂರಿನ ವಿಜಯನಗರದಲ್ಲಿ, ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿಜ್ಞಾನಿ ಶ್ರೀ ಎ. ಆರ್. ಶಿವಕುಮಾರ್ ಅವರು 1995ರಲ್ಲಿ ಕಟ್ಟಿಸಿದ ತಮ್ಮ ಮನೆಯಲ್ಲಿ ಮಳೆನೀರಿನಿಂದಲೇ ಸಂಸಾರ ನಡೆಸಬಹುದೆಂದು ತೋರಿಸಿಕೊಟ್ಟರು. ಕಾಸರಗೋಡು ಸೀಮೆಯ ಶ್ರೀ ಪಡ್ರೆಯವರು 'ಅಡಿಕೆ ಪತ್ರಿಕೆ'ಯ ಮೂಲಕ ಮಳೆಕೊಯ್ಲಿನ ಅನುಭವಗಳನ್ನು ಕನ್ನಡದ ರೈತರಿಗೆ ಹಂಚುತ್ತಾ ಬಂದರು. ವಿದ್ಯೆಯ ಕೊರತೆ ನಮಗಿಲ್ಲವೆಂಬುದಕ್ಕೆ ಇವು ಸಾಕ್ಷಿ.

ಕೊರತೆ ಬೇರೆಡೆ ಇದೆ. ಕರ್ನಾಟಕ ಸರ್ಕಾರದ ಸುವರ್ಣ ಜಲ ಯೋಜನೆ ರಾಜ್ಯದ 23,683 ಗ್ರಾಮೀಣ ಶಾಲೆಗಳಲ್ಲಿ ತಾರಸಿಯ ಮಳೆನೀರು ಹಿಡಿಯುವ ವ್ಯವಸ್ಥೆ ಮಾಡಹೊರಟಿತು. ಉದ್ದೇಶ ಉದಾತ್ತವಾದುದು; ತಂತ್ರವೂ ಸರಳವಾದುದು. ಆದರೂ ಅನೇಕ ಶಾಲೆಗಳಲ್ಲಿ ತೊಟ್ಟಿ ಕಟ್ಟಿದ್ದಷ್ಟೇ ಉಳಿಯಿತು. ಕೊಳವೆ ಮುರಿದರೆ ಕೂಡಿಸುವವರಿಲ್ಲ, ಸೋಸುಗ ಕಟ್ಟಿಕೊಂಡರೆ ತೊಳೆಯುವವರಿಲ್ಲ, ಇದು ತಮ್ಮದೆಂದು ಭಾವಿಸಿದವರಿಲ್ಲ. ಇಂದು ಕಾಲೇಜುಗಳ ಗುಣಮಟ್ಟವನ್ನು ಅಳೆಯುವ ನ್ಯಾಕ್ ಸಂಸ್ಥೆ ಜಲಸಂರಕ್ಷಣೆಯ ವ್ಯವಸ್ಥೆ ಇದೆಯೇ ಎಂದು ವಿಚಾರಿಸುತ್ತದೆ. ಅದು ಒಳ್ಳೆಯದೇ. ಆದರೆ ಪರಿಶೀಲನಾ ತಂಡ ಬರುವ ಮುಂಚೆ ಬಣ್ಣ ಬಳಿದ ಒಂದು ಇಂಗುಗುಂಡಿ, ಅದರ ಪಕ್ಕ ಒಂದು ಫಲಕ, ಫಲಕದ ಒಂದು ಭಾವಚಿತ್ರ, ಇಷ್ಟಕ್ಕೇ ಕಾರ್ಯ ಮುಗಿಯುವುದಾದರೆ ಸುವರ್ಣ ಜಲದ ಕಥೆಯೇ ಮತ್ತೆ ನಡೆಯುತ್ತದೆ. ಮಳೆನೀರಿನ ಕೆಲಸದಲ್ಲಿ ಕಟ್ಟುವುದು ಒಂದು ತಿಂಗಳ ಮಾತು, ಕಾಯುವುದು ಪ್ರತಿವರ್ಷದ ಮಾತು.

ಕಥೋಲಿಕ ವಿಶ್ವಾಸಿಗಳಾದ ನಮಗೆ ಈ ಕಾಯುವ ಕೆಲಸ ಧರ್ಮದ ಹೊರಗಿನದಲ್ಲ. ಯೇಸುಸ್ವಾಮಿ ಐದು ರೊಟ್ಟಿಗಳಿಂದ ಐದು ಸಾವಿರ ಜನರನ್ನು ತೃಪ್ತಿಪಡಿಸಿದ ಪ್ರಸಂಗವನ್ನು ಸಂತ ಯೊವಾನ್ನನ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ ನಾವು ಓದುತ್ತೇವೆ. ಪವಾಡವನ್ನು ಎಲ್ಲರೂ ನೆನಪಿಡುತ್ತೇವೆ. ಅದರ ಅನಂತರದ ಆಜ್ಞೆಯನ್ನು ಅಷ್ಟಾಗಿ ಧ್ಯಾನಿಸುವುದಿಲ್ಲ. ಜನರು ಉಂಡಾದ ಮೇಲೆ, ಮಿಕ್ಕ ತುಣುಕುಗಳನ್ನು ಹಾಳಾಗದಂತೆ ಕೂಡಿಸಿರೆಂದು ಪ್ರಭು ಶಿಷ್ಯರಿಗೆ ಹೇಳಿದರು. ಕ್ಷಣಮಾತ್ರದಲ್ಲಿ ಸಾವಿರಾರು ರೊಟ್ಟಿಗಳನ್ನು ಕೊಡಬಲ್ಲವರು ತುಣುಕುಗಳ ಬಗ್ಗೆ ಏಕೆ ಚಿಂತಿಸಬೇಕು? ಕೊಡುವವನ ಕೈ ಧಾರಾಳವಾಗಿದೆಯೆಂದು ಪಡೆದವನು ಚೆಲ್ಲುವುದು ಸಲ್ಲದೆಂಬ ಪಾಠ ಅಲ್ಲಿದೆ. ಆ ಹನ್ನೆರಡು ಬುಟ್ಟಿಗಳನ್ನು ತುಂಬಿದವರು ಶಿಷ್ಯರು. ಮಳೆ ಕೊಡುವುದು ದೇವರ ಕೃಪೆ. ಬುಟ್ಟಿ ಹಿಡಿಯುವುದು ನಮ್ಮ ಕರ್ತವ್ಯ.

ಆದಿಕಾಂಡದಲ್ಲಿ ಇನ್ನೊಂದು ಪ್ರಸಂಗವಿದೆ. ತಂದೆ ಅಬ್ರಹಾಮನ ಕಾಲದಲ್ಲಿ ತೋಡಿದ ಬಾವಿಗಳನ್ನು ಫಿಲಿಷ್ಟಿಯರು ಮಣ್ಣುಹಾಕಿ ಮುಚ್ಚಿದ್ದರು. ಇಸಾಕನು ಅವುಗಳನ್ನು ಮತ್ತೆ ತೋಡಿಸಿದನು, ತಂದೆಯಿಟ್ಟ ಹೆಸರುಗಳನ್ನೇ ಇಟ್ಟನು. ನೆರೆಯವರು ನೀರು ತಮ್ಮದೆಂದು ಜಗಳಕ್ಕೆ ಬಂದಾಗ ಅವನು ಬಿಟ್ಟುಕೊಟ್ಟು ಮುಂದೆ ಹೋಗಿ ಬೇರೊಂದನ್ನು ತೋಡಿಸಿದನು. ಜಗಳವಿಲ್ಲದ ಬಾವಿ ಸಿಕ್ಕಾಗ ಅದಕ್ಕೆ ವಿಶಾಲತೆಯ ಅರ್ಥವುಳ್ಳ ಹೆಸರಿಟ್ಟನು. ನೆರೆಯವನೊಡನೆ ಜಗಳವಾಡದೆ ನೀರು ಪಡೆಯುವ ಮಾರ್ಗವನ್ನು ಹುಡುಕುವುದು ವಿಶ್ವಾಸಿಯ ಗುಣವೆಂಬುದನ್ನು ಈ ಪುರಾತನ ವೃತ್ತಾಂತ ತೋರಿಸುತ್ತದೆ. ತಾರಸಿಯ ಮಳೆ ಅಂಥ ಜಗಳವಿಲ್ಲದ ಬಾವಿ.

ದಿವಂಗತ ಜಗದ್ಗುರು ಫ್ರಾನ್ಸಿಸರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ನೀರಿನ ವಿಷಯಕ್ಕಾಗಿಯೇ ಒಂದು ಭಾಗವನ್ನು ಮೀಸಲಿಟ್ಟರು. ಶುದ್ಧವಾದ ಕುಡಿಯುವ ನೀರು ಪ್ರತಿಯೊಬ್ಬ ಮಾನವನ ಮೂಲಭೂತ ಹಕ್ಕೆಂದೂ, ಬಡವರಿಗೆ ಅದನ್ನು ನಿರಾಕರಿಸುವುದು ಬದುಕಿನ ಹಕ್ಕನ್ನೇ ನಿರಾಕರಿಸಿದಂತೆಂದೂ ಅವರು ಬೋಧಿಸಿದರು. ನೀರನ್ನು ಮಿತವಾಗಿ ಬಳಸುವುದು, ಗಿಡ ನೆಡುವುದು ಮುಂತಾದ ದಿನನಿತ್ಯದ ಚಿಕ್ಕ ಕಾರ್ಯಗಳೂ ಪುಣ್ಯಕಾರ್ಯಗಳೇ ಎಂದು ನೆನಪಿಸಿದರು. ಈ ಬೋಧನೆ ಬರುವ ಮುಂಚೆಯೇ ಅದನ್ನು ನೆಲದ ಮೇಲೆ ನಡೆಸಿದವರೂ ಇದ್ದಾರೆ. ಸ್ವಿಟ್ಜರ್ಲೆಂಡಿನಿಂದ ಬಂದ ಯೇಸುಸಭೆಯ ಗುರುಗಳಾದ ಹರ್ಮನ್ ಬಾಖರ್ ಅವರು ನೆರೆಯ ಮಹಾರಾಷ್ಟ್ರದ ಅಹಮದನಗರ, ಅಂದರೆ ಈಗಿನ ಅಹಿಲ್ಯಾನಗರ, ಜಿಲ್ಲೆಯಲ್ಲಿ ದಶಕಗಳ ಕಾಲ ದುಡಿದರು. ಮಳೆನೀರನ್ನು ಗುಡ್ಡದ ನೆತ್ತಿಯಿಂದಲೇ ತಡೆಯುತ್ತಾ ಬರುವ ಜಲಾನಯನದ ಕೆಲಸವನ್ನು ಹಳ್ಳಿಗರ ಕೈಯಿಂದಲೇ ಮಾಡಿಸಿದರು; 1993ರಲ್ಲಿ ಅದಕ್ಕಾಗಿ ಒಂದು ಸಂಸ್ಥೆಯೂ ಹುಟ್ಟಿತು. ಊರವರು ಶ್ರಮದಾನ ಮಾಡಬೇಕು, ಮರ ಕಡಿಯಬಾರದು, ದನಕುರಿಗಳನ್ನು ಬೇಕಾಬಿಟ್ಟಿ ಮೇಯಲು ಬಿಡಬಾರದು ಎಂಬ ಕಟ್ಟಳೆಗಳಿಗೆ ಒಪ್ಪಿದ ಮೇಲೆಯೇ ಕೆಲಸ. ಹಣಕ್ಕಿಂತ ಮೊದಲು ಊರಿನ ಮನಸ್ಸು ಕೂಡಬೇಕೆಂಬ ಆ ಕ್ರಮವನ್ನು ನಮ್ಮ ಕಾಲೇಜುಗಳೂ ಅನುಸರಿಸಬಹುದು.

ಇನ್ನು ಇಲ್ಲಿ, ಈ ನೆಲದಲ್ಲಿ, ಮಾಡಬೇಕಾದುದೇನು? ಮೊದಲು ಮಣ್ಣನ್ನು ನೋಡಬೇಕು. ಮಸಾರಿ ನೆಲದಲ್ಲಿ ನೀರು ಬೇಗ ಇಂಗುತ್ತದೆ. ಎರೆ ನೆಲ ನೀರು ಕುಡಿದು ಉಬ್ಬಿಕೊಂಡರೆ ಮತ್ತೆ ಒಳಗೆ ಬಿಡುವುದಿಲ್ಲ. ಎರೆಯಲ್ಲಿ ನಾಲ್ಕು ಅಡಿಯ ಗುಂಡಿ ತೋಡಿ ಜಲ್ಲಿ ತುಂಬಿದರೆ ಅದು ಕೆಸರಿನ ಹೊಂಡವಾಗುತ್ತದೆಯೇ ಹೊರತು ಇಂಗುಗುಂಡಿಯಾಗುವುದಿಲ್ಲ. ಕೆಳಗಿನ ಗರಸಿನ ಪದರದವರೆಗೆ ತೋಡಬೇಕು. ಬೇರೂರಿನ ನಕ್ಷೆಯನ್ನು ತಂದು ಇಲ್ಲಿ ಕಟ್ಟುವ ಮೊದಲು ಅಕ್ಕಪಕ್ಕದ ಹೊಲದ ರೈತನನ್ನು ಒಂದು ಮಾತು ಕೇಳುವುದು ವಿವೇಕ. ಶಹಾಪುರದ ಸಮೀಪದ ಭೀಮರಾಯನಗುಡಿಯಲ್ಲಿ ಕೃಷಿ ಮಹಾವಿದ್ಯಾಲಯವಿದೆ. ಮಣ್ಣಿನ ವಿಷಯದಲ್ಲಿ ಅಲ್ಲಿನ ತಜ್ಞರ ಸಲಹೆಯನ್ನೂ ಪಡೆಯಬಹುದು.

ಎರಡನೆಯದು ತೊಟ್ಟಿ. 10 ಮೀಟರ್ ಉದ್ದ, 5 ಮೀಟರ್ ಅಗಲ, 2 ಮೀಟರ್ ಆಳದ ಮುಚ್ಚಿದ ತೊಟ್ಟಿಯಲ್ಲಿ 1 ಲಕ್ಷ ಲೀಟರ್ ನಿಲ್ಲುತ್ತದೆ. ಮಳೆಗಾಲದಲ್ಲಿ ಅದು ಹಲವು ಬಾರಿ ತುಂಬಿ ಬಳಕೆಯಾಗುತ್ತದೆ. ನಮ್ಮಲ್ಲಿ ಜೋರು ಮಳೆ ಬರುವುದು ಸೆಪ್ಟೆಂಬರಿನಲ್ಲಿ; ಆ ತಿಂಗಳ ಕೊನೆಗೆ ತೊಟ್ಟಿ ತುಂಬಿರುವಂತೆ ನೋಡಿಕೊಂಡರೆ ಬೇಸಿಗೆಯ ಪಾಲು ಸಿದ್ಧವಾದಂತೆ. ಒಂದು ಸಸಿಗೆ ವಾರಕ್ಕೆ 10 ಲೀಟರಿನಂತೆ 32 ವಾರಗಳಿಗೆ 320 ಲೀಟರ್ ಬೇಕು. ಅಂದರೆ ಒಂದು ಲಕ್ಷ ಲೀಟರ್ ಸುಮಾರು 300 ಸಸಿಗಳನ್ನು ದಾಟಿಸುತ್ತದೆ. ಆದುದರಿಂದ ಮೊದಲ ವರ್ಷ 300 ಸಸಿಗಳನ್ನೇ ನೆಡಲಿ. ಸಮಾರಂಭಕ್ಕಾಗಿ ಸಾವಿರ ನೆಟ್ಟು ಮಾರ್ಚಿಯಲ್ಲಿ ಒಣಗಿಸುವುದಕ್ಕಿಂತ ಮುನ್ನೂರನ್ನು ಉಳಿಸುವುದು ಮೇಲು. ಬುಡಕ್ಕೆ ಸೊಪ್ಪುಸದೆಯ ಮುಚ್ಚಿಗೆ ಹಾಕಿ, ಪಕ್ಕದಲ್ಲಿ ಒಂದು ಮಣ್ಣಿನ ಮಡಕೆಯನ್ನು ಹೂತು ಅದಕ್ಕೆ ನೀರು ತುಂಬಿದರೆ ಇಷ್ಟು ನೀರೂ ಬೇಡವಾಗಬಹುದು. ಮೂರು ವರ್ಷ ಕಾದರೆ ಬೇವು, ಹೊಂಗೆ, ಹುಣಸೆ, ಬನ್ನಿ, ಬಾರೆ, ಸೀತಾಫಲಗಳು ತಮ್ಮ ಬೇರನ್ನು ತಾವೇ ಇಳಿಸಿಕೊಳ್ಳುತ್ತವೆ. ಇವು ಈ ನೆಲದ ಮಕ್ಕಳು. ದಿನವೂ ನೀರು ಕುಡಿಯುವ ಹುಲ್ಲುಹಾಸು ನಮ್ಮ ಬಡ ಸೀಮೆಗೆ ಹೊಂದುವ ಅತಿಥಿಯಲ್ಲ.

ಮೂರನೆಯದಾಗಿ, ತೊಟ್ಟಿಗೆ ಬಾರದ ನೀರೇ ಹೆಚ್ಚೆಂಬುದನ್ನು ಮರೆಯಬಾರದು. ಓಡುವ ನೀರನ್ನು ನಡೆಯುವಂತೆ, ನಡೆಯುವುದನ್ನು ನಿಲ್ಲುವಂತೆ, ನಿಂತದ್ದನ್ನು ಇಂಗುವಂತೆ ಮಾಡಬೇಕೆಂಬ ಮಾತು ಈ ಕೆಲಸ ಮಾಡುವವರಲ್ಲಿ ರೂಢಿಯಲ್ಲಿದೆ. ಆವರಣದ ಇಳಿಜಾರಿಗೆ ಅಡ್ಡಲಾಗಿ ಬದು, ಬದುವಿನ ಮೇಲೆ ಮರ, ತಗ್ಗಿನಲ್ಲಿ ಒಂದು ಹೊಂಡ, ಇವಕ್ಕೆ ದೊಡ್ಡ ಖರ್ಚಿಲ್ಲ. ರೈತರು 2014ರಿಂದ ಈಚೆಗೆ ಕೃಷಿ ಭಾಗ್ಯದ ಹೊಂಡಗಳನ್ನು ತೋಡಿಸಿಕೊಂಡು ಅದರ ರೀತಿಯನ್ನು ಬಲ್ಲರು. ವಸತಿನಿಲಯವಿದ್ದರೆ ಇನ್ನೊಂದು ಲಾಭವೂ ಇದೆ. ನೂರು ವಿದ್ಯಾರ್ಥಿಗಳು ದಿನಕ್ಕೆ ಒಂದೊಂದು ಬಕೆಟ್, ಅಂದರೆ 15 ಲೀಟರ್, ನೀರಿನಲ್ಲಿ ಸ್ನಾನ ಮಾಡಿದರೂ ವಾರಕ್ಕೆ 10,500 ಲೀಟರ್ ಆಗುತ್ತದೆ. ಅದನ್ನು ಜಲ್ಲಿ ಮರಳಿನ ಮಡಿಯ ಮೂಲಕ, ಬಾಳೆ, ಕೆಸುವಿನ ಬೇರುಗಳ ನಡುವೆ ಹಾಯಿಸಿ ಮರಗಳಿಗೆ ಬಿಡಬಹುದು. ಒಮ್ಮೆ ಮುಗಿಲಿನಿಂದ ಬಂದ ನೀರು ಹೀಗೆ ಎರಡು ಬಾರಿ ದುಡಿಯುತ್ತದೆ.

ಕಡೆಯದು ಎಲ್ಲಕ್ಕಿಂತ ಮುಖ್ಯವಾದುದು. ಕಾಲೇಜಿನ ಸಸಿಗಳು ಸಾಯುವುದು ಯಾವಾಗ? ಬೇಸಿಗೆಯ ರಜೆಯಲ್ಲಿ. ಪರೀಕ್ಷೆ ಮುಗಿದು ವಿದ್ಯಾರ್ಥಿಗಳು ಊರಿಗೆ ಹೋಗಿ, ವಸತಿನಿಲಯಕ್ಕೆ ಬೀಗ ಬಿದ್ದು, ಬಿಸಿಲು ನಲವತ್ತು ಡಿಗ್ರಿ ದಾಟಿದ ಆ ಆರೆಂಟು ವಾರಗಳಲ್ಲಿ ಜುಲೈಯ ಸಮಾರಂಭದ ಸಸಿಗಳು ಒಂದೊಂದಾಗಿ ಕಡ್ಡಿಯಾಗುತ್ತವೆ. ತೊಟ್ಟಿಯಲ್ಲಿ ನೀರಿದ್ದರೂ ಹಾಕುವ ಕೈ ಇರುವುದಿಲ್ಲ. ಆದುದರಿಂದ ಯೋಜನೆಯ ಖರ್ಚಿನಲ್ಲಿ ಕೊಳವೆ ಸಿಮೆಂಟುಗಳ ಜೊತೆಗೆ ಊರಿನ ಒಬ್ಬ ಬಡ ಕೂಲಿಕಾರನಿಗೆ ನ್ಯಾಯವಾದ ಸಂಬಳವನ್ನೂ ಸೇರಿಸಬೇಕು. ಕೆಲಸವಿಲ್ಲದ ಬೇಸಿಗೆಯಲ್ಲಿ ಗುಳೆ ಹೊರಡಬೇಕಾದ ಒಂದು ಸಂಸಾರ ಊರಿನಲ್ಲಿಯೇ ಉಳಿದರೆ ಆ ನೀರು ಮರವನ್ನಷ್ಟೇ ಸಾಕಿದಂತಾಗುವುದಿಲ್ಲ. ಮುಂಗಾರಿಗೆ ಮುಂಚೆ ತಾರಸಿ ಗುಡಿಸುವುದು, ಸೋಸುಗ ತೊಳೆಯುವುದು ಮಾತ್ರ ವಿದ್ಯಾರ್ಥಿಗಳ ಕೈಯಿಂದಲೇ ಆಗಲಿ. ಪದವಿಯೊಡನೆ ಅವರು ಒಯ್ಯುವ ಪಾಠಗಳಲ್ಲಿ ಇದೂ ಒಂದಾಗಲಿ.

ಇಷ್ಟೆಲ್ಲಕ್ಕೆ ಹಣವೆಲ್ಲಿ ಎಂಬ ಪ್ರಶ್ನೆ ಬರುವುದು ಸಹಜ. ಒಂದು ಲಕ್ಷ ಲೀಟರಿನ ತೊಟ್ಟಿ ಅಗ್ಗವಲ್ಲ. ಆದರೆ ವಿಫಲವಾದ ಕೊಳವೆಬಾವಿಯೂ ಅಗ್ಗವಲ್ಲ; ತೊಟ್ಟಿಯಾದರೆ ಮರುವರ್ಷವೂ ಇರುತ್ತದೆ. ಎಲ್ಲವನ್ನೂ ಒಮ್ಮೆಲೇ ಕಟ್ಟಬೇಕಾಗಿಯೂ ಇಲ್ಲ. ಮೊದಲ ವರ್ಷ ಬದು ಮತ್ತು ಹೊಂಡ, ಎರಡನೆಯ ವರ್ಷ ತಾರಸಿಯ ಒಂದು ಭಾಗಕ್ಕೆ ಕೊಳವೆ, ಮೂರನೆಯ ವರ್ಷ ತೊಟ್ಟಿ ಎಂದು ಹಂತಹಂತವಾಗಿ ಸಾಗಬಹುದು. ನೀರು ಒದಗಿಸುವುದು ಸರ್ಕಾರದ ಹೊಣೆಯಲ್ಲವೇ ಎನ್ನುವವರ ಮಾತಿನಲ್ಲಿಯೂ ಸತ್ಯವಿದೆ. ಕಿರದಳ್ಳಿ ತಾಂಡಾದಂಥ ಜನವಸತಿಗಳಿಗೆ ಶುದ್ಧ ನೀರು ಕೊಡುವುದು ಸರ್ಕಾರದ ಕರ್ತವ್ಯವೇ ಸರಿ. ಅದನ್ನು ಕೇಳುವುದನ್ನು ನಾವು ನಿಲ್ಲಿಸಬಾರದು. ಆದರೆ ಕೇಳುವವನ ತಾರಸಿಯಿಂದ ಲಕ್ಷಾಂತರ ಲೀಟರ್ ಚರಂಡಿಗೆ ಹರಿಯುತ್ತಿದ್ದರೆ ಆ ಬೇಡಿಕೆಗೆ ಬಲ ಬರುವುದು ಕಷ್ಟ.

ಯಾದಗಿರಿ ಜಿಲ್ಲೆಯನ್ನು ಒಳಗೊಂಡ ಗುಲ್ಬರ್ಗ ಧರ್ಮಪ್ರಾಂತ್ಯ 2005ರಲ್ಲಿ ಸ್ಥಾಪನೆಯಾದುದು. ಧರ್ಮಸಭೆಯಲ್ಲಿ ಅದು ಇನ್ನೂ ಎಳೆಯ ಸಸಿ. ಇಲ್ಲಿ ನಮ್ಮ ಕುಟುಂಬಗಳು ಸಂಖ್ಯೆಯಲ್ಲಿ ಅಲ್ಪ. ಆದರೆ ಶಾಲೆ, ಆಸ್ಪತ್ರೆ, ವಸತಿನಿಲಯಗಳ ಮೂಲಕ ನಮ್ಮ ಗುರುಗಳೂ ಧರ್ಮಭಗಿನಿಯರೂ ಎಲ್ಲ ಮತದ ಜನರ ನಡುವೆ ದುಡಿಯುತ್ತಿದ್ದಾರೆ. ಇಂಥ ನಾಡಿನಲ್ಲಿ ಧರ್ಮೋಪದೇಶಕ್ಕಿಂತ ಮೊದಲು ಜನರ ಕಣ್ಣಿಗೆ ಬೀಳುವುದು ನಮ್ಮ ಆವರಣಗಳು. ನೀರಿಗಾಗಿ ನೆರೆಯವರೊಡನೆ ಪೈಪೋಟಿ ಮಾಡುವ ಆವರಣವೋ, ನೆರೆಯವರ ಬಾವಿಗೂ ನೀರು ಇಂಗಿಸುವ ಆವರಣವೋ ಎಂಬುದನ್ನು ಅವರು ನೋಡಿಯೇ ತಿಳಿಯುತ್ತಾರೆ. ಸಮಾರಿಯದ ಸ್ತ್ರೀಯೊಡನೆ ಪ್ರಭು ಮಾತನಾಡಿದ್ದು ಯಕೋಬನ ಬಾವಿಯ ಬಳಿಯಲ್ಲಿ, ನೀರು ಕೇಳುವ ಮೂಲಕ, ಎಂಬುದನ್ನು ಇಲ್ಲಿ ನೆನೆಯುವುದು ಉಚಿತ.

ಈ ಕೆಲಸವನ್ನು ಗುರುಗಳಿಗೂ ಪ್ರಾಂಶುಪಾಲರಿಗೂ ಬಿಟ್ಟು ಕುಟುಂಬಗಳು ಸುಮ್ಮನಿರಲಾಗದು. ಮಗನನ್ನೋ ಮಗಳನ್ನೋ ಕಾಲೇಜಿಗೆ ಸೇರಿಸುವಾಗ ಶುಲ್ಕ ಎಷ್ಟು, ಫಲಿತಾಂಶ ಎಷ್ಟು ಎಂದು ವಿಚಾರಿಸುವ ತಂದೆತಾಯಿಗಳು, ತಾರಸಿಯ ಮಳೆನೀರು ಎಲ್ಲಿಗೆ ಹೋಗುತ್ತದೆ ಎಂದೂ ಒಮ್ಮೆ ಕೇಳಲಿ. ಪಾಲಕರ ಸಭೆಯಲ್ಲಿ ಈ ಮಾತು ಎರಡು ಬಾರಿ ಬಂದರೆ ಮೂರನೆಯ ಬಾರಿಗೆ ಆಡಳಿತ ಮಂಡಳಿಯೇ ಉತ್ತರ ಸಿದ್ಧಪಡಿಸಿಕೊಂಡು ಬರುತ್ತದೆ. ಪ್ರಥಮ ಪರಮಪ್ರಸಾದದ ಅಥವಾ ಮದುವೆಯ ನೆನಪಿಗೆಂದು ಒಂದು ಸಸಿಯ ಮೂರು ವರ್ಷದ ಆರೈಕೆಯ ವೆಚ್ಚವನ್ನು ಕುಟುಂಬವೊಂದು ವಹಿಸಿಕೊಳ್ಳಬಹುದು. ಸೆಪ್ಟೆಂಬರ್ 1ರಿಂದ ಸಂತ ಅಸ್ಸಿಸಿಯ ಫ್ರಾನ್ಸಿಸರ ಹಬ್ಬವಾದ ಅಕ್ಟೋಬರ್ 4ರವರೆಗೆ ಧರ್ಮಸಭೆ ಆಚರಿಸುವ ಸೃಷ್ಟಿಯ ಕಾಲ ನಮ್ಮ ಸೀಮೆಯಲ್ಲಿ ಮಳೆ ಹೆಚ್ಚು ಬೀಳುವ ಕಾಲವೂ ಹೌದು. ಆ ದಿನಗಳ ಪ್ರಾರ್ಥನೆಯ ಜೊತೆಗೆ ದೇವಾಲಯದ ಮಾಳಿಗೆಯಿಂದ ಎಷ್ಟು ನೀರು ಇಳಿಯಿತು, ಎಷ್ಟು ಉಳಿಯಿತು ಎಂಬ ಲೆಕ್ಕವನ್ನೂ ಧರ್ಮಕೇಂದ್ರದ ಸಭೆಯಲ್ಲಿ ಓದುವಂತಾಗಲಿ. ಸ್ವಂತ ಮನೆಯ ಮಾಳಿಗೆ ಇದ್ದವರು ಅದರ ಕೆಳಗೆ ಒಂದು ಪೀಪಾಯಿ ಇಡುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ಮುಂಗಾರು ಬರುವ ಮುಂಚೆ ಆಡಳಿತ ಮಂಡಳಿಗಳು ಒಂದು ಸಣ್ಣ ಕೆಲಸ ಮಾಡಬೇಕೆಂದು ನಾವು ವಿನಂತಿಸುತ್ತೇವೆ. ತಮ್ಮ ಕಟ್ಟಡದ ತಾರಸಿಯ ಉದ್ದ ಅಗಲಗಳನ್ನು ಅಳೆಯಿಸಿ, ಅದನ್ನು ಊರಿನ ಮಳೆಯಿಂದ ಗುಣಿಸಿ, ಬಂದ ಅಂಕಿಯನ್ನು ಕಚೇರಿಯ ಗೋಡೆಯ ಮೇಲೆ ಬರೆಯಿಸಲಿ. ಕಳೆದ ವರ್ಷ ಕೊಳವೆಬಾವಿಗೂ ಟ್ಯಾಂಕರಿಗೂ ಎಷ್ಟು ಖರ್ಚಾಯಿತೆಂಬುದನ್ನು ಅದರ ಕೆಳಗೆ ಬರೆಯಿಸಲಿ. ಎರಡು ಅಂಕಿಗಳನ್ನು ಒಟ್ಟಿಗೆ ನೋಡಿದ ಮೇಲೆ ಹೆಚ್ಚು ಉಪದೇಶ ಬೇಕಾಗಲಾರದು. ವನದುರ್ಗದ ಹೆಸರಿಗೆ ವನವನ್ನು ಮರಳಿ ಕೊಡುವ ಕೆಲಸ ಒಂದು ತಲೆಮಾರಿನದು. ಮೊದಲ ಮಳೆಗೆ ಮುಂಚೆ ತಾರಸಿ ಗುಡಿಸಿ ಕೊಳವೆಯ ಬಾಯಿ ತೊಟ್ಟಿಯ ಕಡೆಗೆ ತಿರುಗಿಸುವ ಕೆಲಸ ಒಂದು ದಿನದ್ದು.